ಮೂಗಿನ ತುಪ್ಪ: ಬಿದರೆಹಳ್ಳ ಕಾವಲಿನಲ್ಲೊಂದು ಪ್ರೇರಣಾ ಸಮೀಕ್ಷೆ

ಮನುಷ್ಯ ಯಾಕೆ ಕೆಲಸ ಮಾಡುತ್ತಾನೆ ಎಂಬ ಪ್ರಶ್ನೆಯ ಬೆನ್ನು ಹತ್ತಿ ನಾನು ಇಪ್ಪತ್ತೆರಡು ವರ್ಷ ಯಾವ ಕೆಲಸವನ್ನೂ ಮಾಡಿಲ್ಲ. ಹಾಗಾಗಿ ಈ ವಿಷಯದಲ್ಲಿ ನನಗೆ ಪೂರ್ವಗ್ರಹ ಇರುವ ಸಂಭವವೇ ಇಲ್ಲ. ಪ್ರೇರಣಾ ಶಾಸ್ತ್ರದ ತಜ್ಞನಾಗಿ ಈವರೆಗೆ ಹಲವು ಸಭಾಂಗಣಗಳಲ್ಲಿ ಮಾತನಾಡಿದ್ದೇನೆ. ಎದ್ದು ಹೋದವರೆಲ್ಲ ಪ್ರೇರಿತರಾಗಿಯೇ ಎದ್ದು ಹೋದರು.

ನಮ್ಮ ಶಾಸ್ತ್ರದ ಪ್ರಕಾರ ಪ್ರೇರಣೆ ಎರಡು ಬಗೆ. ಕೆಲಸವೇ ಖುಷಿ ಕೊಟ್ಟು ಮಾಡಿಸಿಕೊಂಡರೆ ಅದು ಆಂತರಿಕ. ಸಂಬಳ, ಬಡ್ತಿ, ಶಾಲು, ಹಣ್ಣಿನ ಬುಟ್ಟಿ, ಮೇಲಧಿಕಾರಿಯ ಬೈಗುಳ ಇತ್ಯಾದಿಗಳು ಮಾಡಿಸಿದರೆ ಬಾಹ್ಯ. ಪಾಶ್ಚಾತ್ಯರು ಎರಡನೆಯದನ್ನು ವಿವರಿಸಲು ಕತ್ತೆಯ ಮುಂದೆ ಕ್ಯಾರೆಟ್ ತೂಗುಬಿಟ್ಟ ಚಿತ್ರ ತೋರಿಸುತ್ತಾರೆ. ಇದು ಒರಟು ತಂತ್ರಜ್ಞಾನ. ಕತ್ತೆ ಒಂದು ದಿನ ಕುತ್ತಿಗೆ ಚಾಚಿ ಕ್ಯಾರೆಟ್ಟನ್ನು ತಿಂದೇಬಿಡುವ ಅಪಾಯ ಅದರಲ್ಲಿದೆ. ಕನ್ನಡ ನಾಡು ಬಹಳ ಹಿಂದೆಯೇ ಈ ದೋಷವನ್ನು ಸರಿಪಡಿಸಿ, ಮೂಗಿಗೆ ತುಪ್ಪ ಸವರುವ ವಿಧಾನವನ್ನು ಕಂಡುಹಿಡಿಯಿತು. ವಾಸನೆ ದಿನವಿಡೀ ಬರುತ್ತದೆ, ನಾಲಗೆಗೆ ಎಟುಕುವುದಿಲ್ಲ, ಒಂದು ಮಿಳ್ಳೆ ತುಪ್ಪದಲ್ಲಿ ಒಂದು ಹೋಬಳಿಯನ್ನೇ ನಿಭಾಯಿಸಬಹುದು. ಮೂಗನ್ನು ಫಲಾನುಭವಿಯೇ ಒದಗಿಸುವುದರಿಂದ ಇಲಾಖೆಗೆ ಬಂಡವಾಳ ವೆಚ್ಚವೂ ಇಲ್ಲ.

ಈ ಸಿದ್ಧಾಂತವನ್ನು ನೆಲದ ಮೇಲೆ ಪರೀಕ್ಷಿಸಲು ನಾನು ಆರಿಸಿಕೊಂಡದ್ದು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್.

ಆಯ್ಕೆಗೆ ಕಾರಣ ಹೆಸರಿನಲ್ಲೇ ಇದೆ. ಕಾವಲ್ ಎಂದರೆ ದನ ಮೇಯಲೆಂದು ಕಾದಿಟ್ಟ ನೆಲ. ಹಳೇ ಮೈಸೂರು ಸೀಮೆಯಲ್ಲಿ ಇಂಥ ಕಾವಲುಗಳದ್ದೇ ಒಂದು ಚರಿತ್ರೆಯಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆ ಬೆಣ್ಣೆ ಚಾವಡಿ ಎಂಬ ಇಲಾಖೆ ಇತ್ತು. ಟಿಪ್ಪು ಸುಲ್ತಾನ ಅದಕ್ಕೆ ಅಮೃತ್ ಮಹಲ್ ಎಂದು ಹೆಸರಿಟ್ಟ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ತಳಿಗಳು ಕೂಡಿ ಅಮೃತ್ ಮಹಲ್ ರಾಸು ಆಯಿತು. ಆ ಹಾಗಲವಾಡಿ ಇರುವುದು ಇದೇ ಗುಬ್ಬಿ ತಾಲ್ಲೂಕಿನಲ್ಲಿ. ಫಿರಂಗಿ ಎಳೆದದ್ದು, ಸೈನ್ಯದ ಸಾಮಾನು ಹೊತ್ತದ್ದು ಈ ಎತ್ತುಗಳೇ.

ತಜ್ಞನಾಗಿ ನನಗೆ ಇಲ್ಲಿ ಒಂದು ಆಡಳಿತಾತ್ಮಕ ಲೋಪ ಕಂಡುಬಂತು. ಎತ್ತು ಫಿರಂಗಿ ಎಳೆಯಬೇಕಾದರೆ ಅದಕ್ಕೆ ಮೇವು ಬೇಕು ಎಂದು ಆಗಿನವರು ನಂಬಿದ್ದರು. ಅದಕ್ಕೋಸ್ಕರ ಸೀಮೆ ಸೀಮೆಗಳಲ್ಲಿ ಸಾವಿರಾರು ಎಕರೆ ಹುಲ್ಲು ಕಾದರು. ಎಳೆಯುವುದೇ ಒಂದು ಪುಣ್ಯಕಾರ್ಯ, ಗಾಲಿ ತಿರುಗುವುದನ್ನು ನೋಡುವುದರಲ್ಲೇ ಎತ್ತಿಗೆ ಸಾರ್ಥಕ್ಯವಿದೆ ಎಂದು ವಾರಕ್ಕೊಂದು ಉಪನ್ಯಾಸ ಏರ್ಪಡಿಸಿದ್ದರೆ ಅರ್ಧ ಹುಲ್ಲು ಉಳಿಯುತ್ತಿತ್ತು. ಈ ಜ್ಞಾನ ಆಗಿನ್ನೂ ಬಂದಿರಲಿಲ್ಲ.

ಈಗ ಬಿದರೆಹಳ್ಳ ಕಾವಲಿನಲ್ಲಿ ಮೇಲಕ್ಕೆ ಹಾರುವ ವಸ್ತುಗಳಿವೆ. 2016ರ ಜನವರಿ 3ರಂದು ಇಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಪ್ರಧಾನಿ ಅಡಿಗಲ್ಲು ಹಾಕಿದರು. 2023ರ ಫೆಬ್ರವರಿ 6ರಂದು ಅವರೇ ಬಂದು ಉದ್ಘಾಟಿಸಿದರು. 615 ಎಕರೆ. ಮೊದಲಿಗೆ ಲಘು ಬಳಕೆಯ ಹೆಲಿಕಾಪ್ಟರ್, ವರ್ಷಕ್ಕೆ ಸುಮಾರು 30, ಆಮೇಲೆ 60, ಆಮೇಲೆ 90; ಇಪ್ಪತ್ತು ವರ್ಷದಲ್ಲಿ 3ರಿಂದ 15 ಟನ್ ವರ್ಗದ ಸಾವಿರಕ್ಕೂ ಹೆಚ್ಚು ಹೆಲಿಕಾಪ್ಟರ್, ಒಟ್ಟು 4 ಲಕ್ಷ ಕೋಟಿ ರೂಪಾಯಿ ವಹಿವಾಟು ಎಂಬುದು ಯೋಜನೆ. ನಮ್ಮ ಶಾಸ್ತ್ರಕ್ಕೆ ಹೆಲಿಕಾಪ್ಟರ್ ಆದರ್ಶ ವಾಹನ. ವಿಮಾನ ಮೇಲೇಳಬೇಕಾದರೆ ಮೊದಲು ನೆಲದ ಮೇಲೆ ಓಡಬೇಕು; ಹೆಲಿಕಾಪ್ಟರ್ ಓಡದೆಯೇ, ಇದ್ದಲ್ಲೇ ಸದ್ದು ಮಾಡಿ ಮೇಲೇರುತ್ತದೆ. ಬಡ್ತಿಯ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಇನ್ನೊಂದಿಲ್ಲ.

ಇದೇ ಜಿಲ್ಲೆಗೆ ಸೇರಿದ ಇನ್ನೊಂದು ಸಂಗತಿಯನ್ನು ದಾಖಲಿಸಬೇಕು. ಅಡಿಗಲ್ಲು ಹಾಕಿ ಮೂರೇ ದಿನಕ್ಕೆ, 2016ರ ಜನವರಿ 6ರಂದು, ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ತುಮಕೂರಿನಲ್ಲಿ ಅದರದ್ದೊಂದು ಕಾರ್ಖಾನೆ ಇತ್ತು. ಒಂದು ಕಾಲದಲ್ಲಿ ನಾಡಿನ ಬಾಹ್ಯ ಪ್ರೇರಣೆಯೆಲ್ಲ ಎಚ್‌ಎಂಟಿಯ ರೂಪದಲ್ಲೇ ಇರುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾದರೆ ವಾಚು, ಮದುವೆಯಾದರೆ ಅಳಿಯನಿಗೆ ವಾಚು, ಮೂವತ್ತು ವರ್ಷ ದುಡಿದು ನಿವೃತ್ತನಾದರೆ, ಇನ್ನು ಸಮಯ ನೋಡುವ ಅಗತ್ಯವೇ ಇಲ್ಲದ ದಿನ, ಒಂದು ವಾಚು. ಇಷ್ಟೊಂದು ಜನರಿಗೆ ಬಹುಮಾನ ತಯಾರಿಸಿದ ಕಾರ್ಮಿಕರಿಗೆ ಕೊನೆಯಲ್ಲಿ ಸಿಕ್ಕಿದ್ದು ಸ್ವಯಂ ನಿವೃತ್ತಿ. 'ಸ್ವಯಂ' ಎಂಬ ಪದವನ್ನು ಗಮನಿಸಿ. ಹೋಗೆಂದರೆ ಅದು ಬಾಹ್ಯ ಒತ್ತಡವಾಗುತ್ತದೆ. ಹೋಗುವ ಆಸೆ ನೌಕರನ ಒಳಗಿನಿಂದಲೇ ಉಕ್ಕಿ ಬಂತು; ಸರ್ಕಾರ ಅದಕ್ಕೆ ಒಂದು ಅರ್ಜಿ ನಮೂನೆಯನ್ನು ಮಾತ್ರ ಒದಗಿಸಿತು.

ಈಗ ಲೋಕದ ವಿದ್ವಾಂಸರ ಕಡೆ ಒಂದು ನೋಟ. 1971ರಲ್ಲಿ ಅಮೆರಿಕದ ಎಡ್ವರ್ಡ್ ಡೆಸಿ ವಿದ್ಯಾರ್ಥಿಗಳ ಕೈಗೆ ತುಂಡುಗಳನ್ನು ಜೋಡಿಸುವ ಒಗಟು ಕೊಟ್ಟರು. ಒಂದು ಗುಂಪಿಗೆ ಬಿಡಿಸಿದ ಒಗಟಿಗೆ ಒಂದೊಂದು ಡಾಲರ್. ಆಮೇಲೆ ದುಡ್ಡು ನಿಲ್ಲಿಸಿದರು. ಮೊದಲು ಸುಮ್ಮನೆ ಆಡುತ್ತಿದ್ದವರು ಈಗ ಬಿಡುವಿದ್ದಾಗ ಒಗಟಿನ ಕಡೆ ಅಷ್ಟಾಗಿ ಕೈ ಚಾಚಲಿಲ್ಲ. ಎರಡು ವರ್ಷದ ನಂತರ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಶಿಶುವಿಹಾರದ ಮಕ್ಕಳ ಮೇಲೆ ಇದನ್ನೇ ನೋಡಿದರು. ಚಿತ್ರ ಬರೆದರೆ ಚಿನ್ನದ ಬಣ್ಣದ ಮುದ್ರೆ, ರಿಬ್ಬನ್ನು ಇರುವ ಪ್ರಶಸ್ತಿಪತ್ರ ಎಂದು ಮೊದಲೇ ಆಸೆ ತೋರಿಸಿದ ಮಕ್ಕಳು, ಒಂದೆರಡು ವಾರದ ಮೇಲೆ, ಉಳಿದ ಮಕ್ಕಳು ಬರೆಯುತ್ತಿದ್ದುದರ ಸುಮಾರು ಅರ್ಧ ಹೊತ್ತು ಮಾತ್ರ ಚಿತ್ರ ಬರೆದವು.

ಇದರಿಂದ ನಮ್ಮ ರಾಜ್ಯೋತ್ಸವ ಪ್ರಶಸ್ತಿಯ ಒಳಮರ್ಮ ಅರ್ಥವಾಗುತ್ತದೆ. 2022ರಲ್ಲಿ 67 ಜನ, 2023ರಲ್ಲಿ 68, 2024ರಲ್ಲಿ 69. ಸಾಧಕರ ಸಂಖ್ಯೆ ರಾಜ್ಯದ ವಯಸ್ಸಿಗೆ ತಕ್ಕಂತೆ ವರ್ಷಕ್ಕೊಂದರಂತೆ ಬೆಳೆಯುತ್ತದೆ; ಸಾಧನೆ ಇಷ್ಟು ಶಿಸ್ತಾಗಿ ಕ್ಯಾಲೆಂಡರ್ ಅನುಸರಿಸುವ ನಾಡು ಬೇರೆ ಕಂಡಿಲ್ಲ. ಹಾಡುವುದು, ಬರೆಯುವುದು ಅತಿಯಾದವರನ್ನು ಗುರುತಿಸಿ, 5 ಲಕ್ಷ ರೂಪಾಯಿ ಮತ್ತು ಚಿನ್ನದ ಪದಕ ಕೊಟ್ಟು, ಲೆಪ್ಪರ್ ವಿಧಾನದಿಂದ ಅರ್ಧಕ್ಕಿಳಿಸುವ ಯೋಜನೆ ಇದೆಂದು ನಾನು ಭಾವಿಸಿದ್ದೇನೆ. ಕೆಲವು ಕವಿಗಳಿಗೆ ಇದನ್ನು ಬೇಗನೆ ಕೊಡಬೇಕೆಂಬುದು ನನ್ನ ಮೊದಲ ಶಿಫಾರಸು.

ದಂಡದ ವಿಚಾರ ಇನ್ನೂ ಸ್ವಾರಸ್ಯಕರ. ಇಸ್ರೇಲಿನ ಹೈಫಾದಲ್ಲಿ ಶಿಶುಪಾಲನಾ ಕೇಂದ್ರಗಳಿಂದ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗೆ ಸಣ್ಣ ದಂಡ ಹಾಕಿ ನೋಡಿದರು. ಗ್ನೀಜಿ ಮತ್ತು ರುಸ್ಟಿಕಿನಿ 2000ದಲ್ಲಿ ಅದನ್ನು ಪ್ರಕಟಿಸಿದರು. ತಡ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಮೊದಲು ಟೀಚರಮ್ಮನ ಮುಖ ನೋಡಿ ನಾಚುತ್ತಿದ್ದವರು ಈಗ ನಾಚಿಕೆಯ ಬೆಲೆ ಕಟ್ಟಿ ನೆಮ್ಮದಿಯಾಗಿ ಬಂದರು. ದಂಡ ತೆಗೆದ ಮೇಲೂ ನಾಚಿಕೆ ಮರಳಲಿಲ್ಲ.

ಕರ್ನಾಟಕ ಈ ಕ್ಷೇತ್ರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿದೆ. 2011ರ ಸಕಾಲ ಕಾಯ್ದೆಯಂತೆ ಅರ್ಜಿಯನ್ನು ತಡ ಮಾಡಿದ ಅಧಿಕಾರಿ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೊಡಬೇಕು. ಲೆಕ್ಕ ಹಾಕಿ: ಇಪ್ಪತ್ತೈದು ದಿನ ದಾಟಿದರೆ ಇಪ್ಪತ್ತಾರನೆಯ ದಿನದಿಂದ ತಡ ಉಚಿತ. ಆಮೇಲೆ ಅವರು ಅರ್ಜಿಯನ್ನು ಇಟ್ಟುಕೊಂಡರೆ ಅದು ಶುದ್ಧ ಆಂತರಿಕ ಪ್ರೇರಣೆ. ಇನ್ನು ವಿಧಾನಸೌಧದ ನೆತ್ತಿಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿರುವುದರಿಂದ, ದೇವರಿಗೆ ಬಿಟ್ಟ ಕೆಲಸಕ್ಕೆ ಮನುಷ್ಯನ ಗಡುವು ಹಾಕಬಾರದೆಂದು ಭಾವಿಸುವ ಆಸ್ತಿಕ ನೌಕರರನ್ನೂ ನಾವು ಮರೆಯಬಾರದು.

ಈ ಎಲ್ಲ ಆಧಾರಗಳಿಂದ ನಾನು ರೂಪಿಸಿದ ನಿಯಮ ಹೀಗಿದೆ. ಶಾಲೆಯಲ್ಲಿ ಓದಿದ ಬಾಯ್ಲ್ ನಿಯಮದಲ್ಲಿ ಅನಿಲದ ಒತ್ತಡ ಮತ್ತು ಗಾತ್ರದ ಗುಣಲಬ್ಧ ಸ್ಥಿರ. ನನ್ನ ನಿಯಮದಲ್ಲಿ ಸಂಬಳ ಮತ್ತು ಪಾವಿತ್ರ್ಯದ ಗುಣಲಬ್ಧ ಸ್ಥಿರ. ಸಂಬಳ ಅರ್ಧವಾದರೆ ಕೆಲಸ ಎರಡು ಪಟ್ಟು ಪವಿತ್ರ. ಸಂಬಳ ಸೊನ್ನೆಯ ಕಡೆ ಹೋದಂತೆ ಮನುಷ್ಯ ದೇವರ ಕಡೆ ಹೋಗುತ್ತಾನೆ.

ಕನ್ನಡ ಆಡಳಿತ ಪದಕೋಶ ಈ ನಿಯಮವನ್ನು ನನಗಿಂತ ಮೊದಲೇ ಬಲ್ಲದು. ದೊಡ್ಡ ಮೊತ್ತವಾದರೆ ಅದು ವೇತನ. ಸ್ವಲ್ಪ ಇಳಿದರೆ ಕೂಲಿ. ಇನ್ನೂ ಇಳಿದರೆ ಗೌರವಧನ. ಅದಕ್ಕೂ ಇಳಿದರೆ ಪ್ರೋತ್ಸಾಹಧನ. ಕಾಲೇಜಿನಲ್ಲಿ ಕಾಯಂ ಆಗಿ ಪಾಠ ಮಾಡುವವನು ಉಪನ್ಯಾಸಕ. ಅದೇ ಪಾಠವನ್ನು ಅದೇ ಕೋಣೆಯಲ್ಲಿ ಹತ್ತು ವರ್ಷದಿಂದ ಕಡಿಮೆ ದುಡ್ಡಿಗೆ ಮಾಡುತ್ತಿರುವವನು ಅತಿಥಿ ಉಪನ್ಯಾಸಕ. ಅತಿಥಿ ದೇವರ ಸಮಾನ, ದೇವರು ಪಿಂಚಣಿ ಕೇಳುವುದಿಲ್ಲ. ಶಾಲೆಯ ಬಿಸಿಯೂಟಕ್ಕೆ ಅಕ್ಷರ ದಾಸೋಹ ಎಂದು ಹೆಸರು. ಅಡುಗೆ ಎಂದಿದ್ದರೆ ಅಡುಗೆಯವರ ರೇಟು ಕೊಡಬೇಕಾಗುತ್ತಿತ್ತು. ದಾಸೋಹ ಎಂದದ್ದರಿಂದ ಒಲೆ ಮುಂದೆ ನಿಂತ ಹೆಂಗಸರಿಗೆ ಗೌರವಧನವೂ ಜೊತೆಗೆ ಶರಣರ ಹನ್ನೆರಡನೆಯ ಶತಮಾನವೂ ಸಿಗುತ್ತದೆ.

ಆಶಾ ಕಾರ್ಯಕರ್ತೆಯರು ನಿಯಮದ ಅತ್ಯುತ್ತಮ ಉದಾಹರಣೆ. ಬಾಣಂತಿ, ಬಸುರಿ, ಕೂಸು, ಲಸಿಕೆ, ಡೆಂಗಿ, ಸಮೀಕ್ಷೆ, ಎಲ್ಲವೂ ಅವರದ್ದೇ. ಆದರೂ ಅವರು ನೌಕರರಲ್ಲ, ಸ್ವಯಂಸೇವಕಿಯರು. ಮತ್ತೆ ಆ 'ಸ್ವಯಂ'. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಹತ್ತು ಲಕ್ಷ ಆಶಾಗಳನ್ನು ಒಟ್ಟಾಗಿ ಗೌರವಿಸಿತು. ಹತ್ತು ಲಕ್ಷ ಮೂಗು, ಒಂದೇ ಮಿಳ್ಳೆ. ಅಷ್ಟಾದರೂ 2025ರ ಜನವರಿಯ ಚಳಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತು, ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಪಡೆದುಕೊಂಡೇ ಎದ್ದರು. ಸೇವಾ ಮನೋಭಾವದಲ್ಲಿ ಆದ ಈ ಕುಸಿತ ನನಗೆ ನೋವು ತಂದಿತು.

ಅದೇ ವರ್ಷ ಮಾರ್ಚಿನಲ್ಲಿ ವಿಧಾನಮಂಡಲ ಶಾಸಕರ ತಿಂಗಳ ಸಂಬಳವನ್ನು 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಯದನ್ನು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿಸುವ ಮಸೂದೆಗಳನ್ನು ಅಂಗೀಕರಿಸಿತು. ಇದನ್ನು ಕೆಲವರು ಟೀಕಿಸಿದರು. ಅವರಿಗೆ ಶಾಸ್ತ್ರ ಗೊತ್ತಿಲ್ಲ. ಜನಸೇವೆಯ ತುಡಿತ ಒಳಗೇ ಧಗಧಗಿಸುತ್ತಿರುವವರಿಗೆ ದುಡ್ಡು ಕೊಟ್ಟರೆ, ಡೆಸಿಯವರ ಪ್ರಯೋಗದಂತೆ, ಆ ತುಡಿತ ನಂದಿಹೋಗಬೇಕು. ಆ ಅಪಾಯವನ್ನು ತಿಳಿದೂ ತಿಳಿದೂ, ಯಾವ ಫ್ರೀಡಂ ಪಾರ್ಕಿಗೂ ಹೋಗದೆ, ತಮ್ಮ ಆಂತರಿಕ ಪ್ರೇರಣೆಯನ್ನು ಎರಡು ಪಟ್ಟು ಅಪಾಯಕ್ಕೊಡ್ಡಿಕೊಂಡ ತ್ಯಾಗ ಅದು.

ಕೂಲಿಯ ವಿಷಯದಲ್ಲೂ ಸರ್ಕಾರ ತೀರಾ ಶುಷ್ಕವಾಗಿಲ್ಲ. 2025–26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ಹದಿನೈದು ದಿನದೊಳಗೆ ಕೊಡದಿದ್ದರೆ ಆಮೇಲಿನ ಪ್ರತಿ ದಿನಕ್ಕೆ ಬಾಕಿಯ ಶೇ 0.05ರಷ್ಟು ಪರಿಹಾರವೆಂದು ನಿಯಮವಿತ್ತು. ಒಂದು ದಿನದ ಕೂಲಿಗೆ ಅದು ಹದಿನೆಂಟೂವರೆ ಪೈಸೆ. ಕಾಯುವುದೂ ಒಂದು ಕೆಲಸವೆಂದು ಗುರುತಿಸಿ ಅದಕ್ಕೆ ಪ್ರತ್ಯೇಕ ಕೂಲಿ ನಿಗದಿಪಡಿಸಿದ್ದು ಶ್ಲಾಘನೀಯ.

ಇಲ್ಲಿ ಕಾಯಕ ತತ್ವದ ಬಗ್ಗೆ ಹೇಳದಿದ್ದರೆ ವರದಿ ಅಪೂರ್ಣ. ಕೈಕೆಳಗಿನವರಿಗೆ ಕಾಯಕದ ಉಪದೇಶ ಮಾಡದೆ ನಮ್ಮಲ್ಲಿ ಯಾವ ಕಾರ್ಯಾಗಾರವೂ ಮುಗಿಯುವುದಿಲ್ಲ. ನಾನೂ ಮಾಡುತ್ತೇನೆ. ಆದರೆ ಶರಣೆ ಆಯ್ದಕ್ಕಿ ಲಕ್ಕಮ್ಮನ ಪ್ರಕರಣವನ್ನು ಮಾತ್ರ ಕಾರ್ಯಾಗಾರಗಳಲ್ಲಿ ಬಳಸಬಾರದೆಂದು ಸಲಹೆ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಹೆಚ್ಚಾದದ್ದನ್ನು ತೆಗೆದುಕೊಂಡು ಹೋಗಿ ಅಲ್ಲೇ ಸುರಿದು ಬಾ ಎಂದಳು ಅವಳು. ನಮ್ಮ ಶಾಸ್ತ್ರದ ದೃಷ್ಟಿಯಲ್ಲಿ ಇದು ಅಪಾಯಕಾರಿ ಕಥೆ. ಏಕೆಂದರೆ ಲಕ್ಕಮ್ಮ ಕಡಿಮೆ ಸಿಕ್ಕವರಿಗೆ ತೃಪ್ತಿ ಬೋಧಿಸುತ್ತಿಲ್ಲ; ಹೆಚ್ಚು ತಂದವನ ಲೆಕ್ಕ ಕೇಳುತ್ತಿದ್ದಾಳೆ. ಇಂಥವಳನ್ನು ಬೋನಸ್ ಸಮಿತಿಗೆ ಸದಸ್ಯೆ ಮಾಡಿದರೆ ಏನಾಗಬಹುದೆಂದು ಓದುಗರೇ ಊಹಿಸಲಿ.

ಗುಬ್ಬಿ ತಾಲ್ಲೂಕಿನಲ್ಲೇ ಹುಟ್ಟಿದ ಸಾಲುಮರದ ತಿಮ್ಮಕ್ಕನವರ ಕಡತವನ್ನೂ ನಾನು ನಮ್ಮ ಸಂಸ್ಥೆಯ ಮೌಲ್ಯಮಾಪನ ನಮೂನೆಯಲ್ಲಿ ತುಂಬಲು ಪ್ರಯತ್ನಿಸಿದೆ. ವಿದ್ಯಾರ್ಹತೆ: ಇಲ್ಲ. ವೃತ್ತಿ: ಕೂಲಿ. ಯೋಜನೆ: ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯ ಬದಿ ಆಲದ ಸಸಿ ನೆಡುವುದು. ಮೊದಲ ವರ್ಷದ ಪ್ರಗತಿ: ಹತ್ತು ಸಸಿ, ಇದು ನಮ್ಮ ಮಾನದಂಡದಲ್ಲಿ 'ನಿರೀಕ್ಷೆಗಿಂತ ಕಡಿಮೆ'. ನೀರಾವರಿ ವ್ಯವಸ್ಥೆ: ಗಂಡ ಚಿಕ್ಕಯ್ಯ ಮತ್ತು ಹೆಂಡತಿ ಹೊತ್ತ ಕೊಡಗಳು. ಒಟ್ಟು ಸಾಧನೆ: 385 ಮರ. ಪ್ರೋತ್ಸಾಹಧನ ಎಂಬ ಅಂಕಣದಲ್ಲಿ ಬರೆಯಲು ಏನೂ ಸಿಗಲಿಲ್ಲ. ಪ್ರಶಸ್ತಿಗಳೆಲ್ಲ ಮರ ನೆರಳು ಕೊಟ್ಟ ಎಷ್ಟೋ ಕಾಲದ ಮೇಲೆ ಬಂದಿವೆ. 2019ರ ಮಾರ್ಚಿನಲ್ಲಿ ಪದ್ಮಶ್ರೀ ಕೊಡುತ್ತಿದ್ದ ರಾಷ್ಟ್ರಪತಿಯ ತಲೆ ಮುಟ್ಟಿ ಇವರೇ ಆಶೀರ್ವಾದ ಮಾಡಿದರು. ಪ್ರಶಸ್ತಿ ಯಾರು ಯಾರಿಗೆ ಕೊಟ್ಟರು ಎಂಬ ಅಂಕಣವೂ ಗೊಂದಲವಾಯಿತು. ಅದೇ ವರ್ಷ ಜೂನಿನಲ್ಲಿ ರಸ್ತೆ ಅಗಲೀಕರಣದಿಂದ ಆ ಮರಗಳಿಗೇ ಕೊಡಲಿ ಬೀಳುವ ಸ್ಥಿತಿ ಬಂದು, ನೂರು ದಾಟಿದ ಮುದುಕಿ ಮುಖ್ಯಮಂತ್ರಿಯ ಬಳಿ ಹೋಗಿ ತಮ್ಮ ಮರಗಳ ಪರವಾಗಿ ಕೇಳಬೇಕಾಯಿತು. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಆಲಗಳು ರಸ್ತೆಯ ಬದಿ ನಿಂತಿವೆ. ನಮೂನೆ ಅಪೂರ್ಣವಾದ್ದರಿಂದ ಕಡತವನ್ನು ಹಿಂದಿರುಗಿಸಲಾಗಿದೆ.

ಕೊನೆಯದಾಗಿ ಕ್ಷೇತ್ರಕಾರ್ಯ. ಕಾವಲಿನ ಹತ್ತಿರ ರಸ್ತೆ ಬದಿಯ ಒಂದು ಚಹಾ ಅಂಗಡಿಯಲ್ಲಿ ಬೆಳಗಿನ ಹತ್ತರಿಂದ ಮಧ್ಯಾಹ್ನದ ಊಟದವರೆಗೆ ಸಮೀಕ್ಷೆ ನಡೆಸಿದೆ. ಮಾದರಿಯ ಗಾತ್ರ ನಾಲ್ವರು. ಒಂದು ಎಮ್ಮೆಯೂ ಇತ್ತು, ಅದು ಸಹಕರಿಸಲಿಲ್ಲ. ಪ್ರಶ್ನೆ ಒಂದೇ: 'ದುಡ್ಡು ಕೊಡದಿದ್ದರೂ ನೀವು ಈ ಕೆಲಸ ಮಾಡುವಿರಾ?'

ಮೊದಲ ಉತ್ತರದಾತೆ ಅಡಿಕೆ ಸುಲಿಯಲು ಹೊರಟಿದ್ದ ಹೆಂಗಸು. ಅವರು ನನ್ನ ಪ್ರಶ್ನಾವಳಿಯನ್ನು ತಿರುಗಿಸಿ ನೋಡಿ, "ಇದನ್ನ ತುಂಬ್ಸಿದ್ರೆ ಎಷ್ಟ್ ಕೊಡ್ತೀರಾ?" ಎಂದರು. ಏನೂ ಇಲ್ಲ, ಸಮಾಜಕ್ಕೆ ಉಪಯೋಗವಾಗುತ್ತದೆ ಎಂದೆ. "ಹಂಗಾರೆ ಸಮಾಜದ ಕೈಲೇ ತುಂಬ್ಸಿ" ಎಂದು ಬಸ್ಸು ಹತ್ತಿದರು.

ಎರಡನೆಯವರು ದನ ಹೊಡೆದುಕೊಂಡು ಬಂದ ಅಜ್ಜ. ಮುಯ್ಯಾಳು ಪದ್ಧತಿಯ ಬಗ್ಗೆ ಹೇಳಿದರು: ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಇದು ಆಂತರಿಕವೋ ಬಾಹ್ಯವೋ ಎಂದು ಕೇಳಿದೆ. "ಅದು ಊಟದ ಹೊತ್ತಿಗೆ ಗೊತ್ತಾಗ್ತದೆ. ಮುದ್ದೆ ಮೇಲೆ ಸಾರು ಎಂಗೆ ಹಾಕ್ತಾರೆ ಅನ್ನೋದ್ರ ಮೇಲದೆ" ಎಂದರು. ಮುಖ್ಯ ಪ್ರಶ್ನೆಗೆ ಅವರ ಉತ್ತರ: "ದುಡ್ಡು ಕೊಡದೆ ಮಾಡ್ಸೋದು ನಮ್ಮಪ್ಪನ ಕಾಲದಲ್ಲೇ ಇತ್ತು ಸಾಮಿ. ಬಿಟ್ಟಿ ಅಂತಿದ್ರು. ಈಗೇನಂತಾರೆ?" ಆಂತರಿಕ ಪ್ರೇರಣೆ ಎಂದು ತಿಳಿಸಿದೆ. "ಎಸ್ರು ಚೆನ್ನಾಗೈತೆ" ಎಂದರು. ಇದನ್ನು ಸಕಾರಾತ್ಮಕ ಪ್ರತಿಕ್ರಿಯೆ ಎಂದು ಗುರುತು ಹಾಕಿಕೊಂಡೆ.

ಮೂರನೆಯವರು ಒಬ್ಬ ಆಶಾ ಕಾರ್ಯಕರ್ತೆ. ನಿಂತಲ್ಲೇ ನಿಂತು, "ಎಲ್ಲಾದಕ್ಕೂ ಹೌದು ಅಂತ ಬರ್ಕೊಳ್ಳಿ ಸಾರ್, ಇನ್ನೂ ಆರು ಮನೆ ಅದೆ" ಎಂದು ಹೊರಟರು. ಸಮೀಕ್ಷೆಯ ವಿಷಯದಲ್ಲಿ ಅವರಿಗೆ ನನಗಿಂತ ಹೆಚ್ಚು ಅನುಭವವಿದ್ದಂತೆ ಕಂಡಿತು.

ನಾಲ್ಕನೆಯವರು ಅಂಗಡಿಯ ಯಜಮಾನರು. ಶುಂಠಿ ಜಜ್ಜಿ, ಹಾಲು ಉಕ್ಕುವ ಅಂಚಿನಲ್ಲಿ ಉರಿ ತಗ್ಗಿಸಿ, ಗ್ಲಾಸನ್ನು ಬಿಸಿನೀರಲ್ಲಿ ಒಮ್ಮೆ ತೊಳೆದು, ಮೇಲಿನಿಂದ ಎತ್ತಿ ಸುರಿಯುತ್ತಿದ್ದರು. ಯಾರೂ ನೋಡದಿದ್ದಾಗಲೂ ಹಾಗೇ ಸುರಿಯುತ್ತಿದ್ದರು. ಆಂತರಿಕ ಪ್ರೇರಣೆಯ ಶುದ್ಧ ಮಾದರಿ ಸಿಕ್ಕಿತೆಂದು ನನಗೆ ರೋಮಾಂಚನವಾಯಿತು. ಕುಡಿದು ಮುಗಿಸಿ, ಇಷ್ಟು ಪ್ರೀತಿಯಿಂದ ಮಾಡಿದ ಚಹಾಕ್ಕೆ ದುಡ್ಡು ಕೊಟ್ಟರೆ ಆ ಪ್ರೀತಿ ಕಡಿಮೆಯಾಗುವ ಅಪಾಯವಿದೆ ಎಂದು ಡೆಸಿ, ಲೆಪ್ಪರ್ ಇಬ್ಬರನ್ನೂ ಸರಳ ಕನ್ನಡದಲ್ಲಿ ವಿವರಿಸಿದೆ.

ಅವರು ಕೊನೆಯವರೆಗೂ ಕೇಳಿದರು. ಗ್ಲಾಸು ತೆಗೆದುಕೊಂಡರು. "ಒಳಗೆ ಹಾಕಿರೋ ಪ್ರೀತಿ ನಂದು ಸಾರ್, ಅದರ ಲೆಕ್ಕ ನಾನು ನೋಡ್ಕೊತೀನಿ. ಹೊರಗಿನ ಹನ್ನೆರಡು ರೂಪಾಯಿ ನಿಮ್ದು" ಎಂದರು.

ಉತ್ತರದಾತರಿಗೆ ಪ್ರಶ್ನೆ ಅರ್ಥವಾಗಿಲ್ಲ ಎಂದು ನಮೂದಿಸಿಕೊಂಡು, ಹನ್ನೆರಡು ರೂಪಾಯಿ ಕೊಟ್ಟು, ಒಂದು ಚೀಟಿ ಬರೆಸಿಕೊಂಡೆ. ಟಿಎ–ಡಿಎ ಬಿಲ್ಲಿಗೆ ಲಗತ್ತಿಸಬೇಕಿತ್ತು.